ಪ್ಲಾಟ್‌ಫಾರ್ಮ್ ಹತ್ತಿದ ಚಾಲಿ ಅಡಿಕೆ

ಶಿರಸಿ ಸೀಮೆಯ ಒಂದು ಅಡಿಕೆ ಸೊಸೈಟಿ ಈಗ ದೊಡ್ಡ ಕಂಪನಿಗಳ ಹಾಗೆ ಎಂಟರ್‌ಪ್ರೈಸ್ ಆಗಿದೆ. ಹೆಸರು ಬೇಡ. ಅಲ್ಲಿ ನನ್ನದೂ ಶೇರು ಇದೆ, ಸಾಲವೂ ಇದೆ.

ಮೊದಲು ಅಲ್ಲೊಂದು ಸಣ್ಣ ವೆಬ್‌ಸೈಟ್ ಇತ್ತು. ಚೌತಿ ಹಬ್ಬಕ್ಕೆ ಬೆಂಗಳೂರಿಂದ ಬಂದಿದ್ದ ಸದಸ್ಯರೊಬ್ಬರ ಮಗ, ಮಳೆ ಬಿಡದೆ ಹೊರಗೆ ಹೋಗಲಾಗದೆ, ಜಗುಲಿಯಲ್ಲಿ ಕೂತು, ವೆಬ್‌ಸೈಟ್ ಕಟ್ಟಲು ಸಿಗುವ ಜಾಂಗೋ ಅನ್ನುವ ಸಿದ್ಧ ಚೌಕಟ್ಟಿನಲ್ಲಿ ಮಾಡಿಕೊಟ್ಟಿದ್ದ. ಟೆಂಡರ್ ಮುಗಿದ ಕೂಡಲೇ ಗುಮಾಸ್ತರು ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು, ತಟ್ಟಿಬೆಟ್ಟೆ ದರ ತುಂಬಿ ಒಂದು ಗುಂಡಿ ಒತ್ತುತ್ತಿದ್ದರು. ತೋಟದಲ್ಲಿದ್ದವರಿಗೆ ಬಾಯಲ್ಲಿದ್ದ ಕವಳ ಮುಗಿಯುವುದರೊಳಗೆ ದರ ಗೊತ್ತಾಗುತ್ತಿತ್ತು.

ಜಾಂಗೋ ಹುಟ್ಟಿದ್ದೇ ಇಂಥ ಕೆಲಸಕ್ಕೆ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಅನ್ನುವ ಊರಿನ ಪತ್ರಿಕೆ ಕಚೇರಿಯಲ್ಲಿ, ಸುದ್ದಿ ಹಳಸುವ ಮೊದಲು ಪುಟ ಎಬ್ಬಿಸಬೇಕು ಅನ್ನುವ ಗಡಿಬಿಡಿಯಲ್ಲಿ ಬೆಳೆದದ್ದು ಅದು. 2005ರಲ್ಲಿ ಎಲ್ಲರಿಗೂ ಪುಕ್ಕಟೆ ಬಿಟ್ಟರು. ದರ ತುಂಬುವ ಅಡ್ಮಿನ್ ಪುಟ ಜೊತೆಗೇ ಬರುತ್ತದೆ, ಬೇರೆ ಕಟ್ಟಬೇಕಿಲ್ಲ. ಆ ಪುಕ್ಕಟೆಯೇ ಆಡಳಿತ ಮಂಡಳಿಯ ತಲೆಬಿಸಿಗೆ ಕಾರಣ. ಖರ್ಚೇ ಇಲ್ಲದ ಸಾಧನೆಯನ್ನು ವಾರ್ಷಿಕ ವರದಿಯಲ್ಲಿ ಯಾವ ಬಾಬ್ತಿಗೆ ಹಾಕುವುದು?

ಹಾಗಾಗಿ ಮಹಾಸಭೆಗೆ ಕನ್ಸಲ್ಟೆಂಟ್ ಒಬ್ಬರು ಬಂದರು. ಗೋಡೆ ಮೇಲೆ ಚಿತ್ರ ಬಿಟ್ಟರು. ಮುಂದೆ ಬರಲಿರುವ, ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಪ್ಲಾಟ್‌ಫಾರ್ಮ್ ಮೂರು ಅಂತಸ್ತಿನದ್ದಂತೆ, ಏಕಕಾಲಕ್ಕೆ 10 ಲಕ್ಷ ಜನ ನುಗ್ಗಿದರೂ ಜಗ್ಗುವುದಿಲ್ಲವಂತೆ. ಚಪ್ಪಾಳೆ ಬಿತ್ತು. 2011ರ ಜನಗಣತಿ ಪ್ರಕಾರ ನಮ್ಮ ಇಡೀ ಜಿಲ್ಲೆಯ ಜನಸಂಖ್ಯೆಯೇ 14 ಲಕ್ಷ ಚಿಲ್ಲರೆ. ಅಂದರೆ ಭಟ್ಕಳದಿಂದ ಜೋಯಿಡಾದ ತನಕ, ದೋಣಿಯಲ್ಲಿರುವ ಮೀನುಗಾರರನ್ನೂ ಬಾಲವಾಡಿಯ ಮಕ್ಕಳನ್ನೂ ಸೇರಿಸಿ, ಹತ್ತಿರ ಹತ್ತಿರ ಮುಕ್ಕಾಲು ಪಾಲು ಜನ ಒಂದೇ ಕ್ಷಣದಲ್ಲಿ ಚಾಲಿ ದರ ನೋಡಿದರೂ ನಾವು ತಯಾರು.

ಜಾಂಗೋಗೆ ಅಷ್ಟು ತಾಕತ್ತಿಲ್ಲ ಅಂದರು ಕನ್ಸಲ್ಟೆಂಟ್. ಅದೇ ಹೊತ್ತಿಗೆ ಹಿಂದಿನ ಸಾಲಿನಲ್ಲಿ ನಿರ್ದೇಶಕರೊಬ್ಬರು ಇನ್‌ಸ್ಟಾಗ್ರಾಮ್‌ನಲ್ಲಿ ರೀಲ್ಸ್ ನೋಡುತ್ತಿದ್ದರು. ಆ ಇನ್‌ಸ್ಟಾಗ್ರಾಮ್ ಕಟ್ಟಿದ್ದೇ ಜಾಂಗೋ ಮೇಲೆ. ಕೋಟಿಗಟ್ಟಲೆ ಜನರ ಕುಣಿತ ಹೊರುವ ಜಾಂಗೋಗೆ ನಮ್ಮ ತಟ್ಟಿಬೆಟ್ಟೆ ಭಾರವಾಯಿತು, ನೋಡಿ.

ದೊಡ್ಡ ಪ್ಲಾಟ್‌ಫಾರ್ಮ್ ಯಾರಿಗೂ ಬೇಡ ಅಂತಲ್ಲ. ಬ್ಯಾಂಕಿಗೆ ಬೇಕು. ಟ್ವಿಟರ್ 2006ರಲ್ಲಿ ಜಾಂಗೋದಂಥದ್ದೇ ಆದ ರೈಲ್ಸ್ ಮೇಲೆ ಶುರುವಾಗಿ, ಜನ ಜಾಸ್ತಿಯಾಗಿ ಪದೇ ಪದೇ ಕುಸಿದು, ಆಮೇಲೆ ಒಂದೊಂದೇ ಭಾಗವನ್ನು ಸ್ಕಾಲಾ ಅನ್ನುವ ಬೇರೆ ಭಾಷೆಗೆ ಸಾಗಿಸಿತು. ಅವರು ಜನ ಬಂದ ಮೇಲೆ ಮನೆ ಬದಲಿಸಿದರು. ನಾವು ಬದಲಿಸಿಕೊಂಡು ಬಾಗಿಲಲ್ಲಿ ನಿಂತಿದ್ದೇವೆ.

ಈಗ ದರದ ಪ್ರಯಾಣ ಕೇಳಿ. ಗುಮಾಸ್ತರು ತುಂಬಿದ ಚಾಲಿ ದರ ಕಂಟ್ರೋಲರ್‌ಗೆ ಹೋಗುತ್ತದೆ. ಅಲ್ಲಿಂದ ಸರ್ವಿಸ್, ಅಲ್ಲಿಂದ ರೆಪಾಸಿಟರಿ, ಆಮೇಲೆ ಡೇಟಾಬೇಸ್. ಎಲ್ಲ ಪ್ರೋಗ್ರಾಮಿನ ಒಳಗಿನ ನಾಕಾಗಳು. ಪ್ರತಿ ನಾಕಾದಲ್ಲೂ ಅಂಗಿ ಬದಲಿಸಬೇಕು, ಒಳಗಿರುವ ಅಂಕಿ ಮಾತ್ರ ಅದೇ. ಇದೆಲ್ಲ ಸ್ಪ್ರಿಂಗ್ ಅನ್ನುವ ಜಾವಾ ಚೌಕಟ್ಟಿನ ಮೇಲೆ ನಿಂತಿದೆಯಂತೆ. ಹಳೆಯ ಜಾವಾ ವ್ಯವಸ್ಥೆಯ ಭಾರ ಇಳಿಸುತ್ತೇನೆ ಅಂತ ಬಂದದ್ದು ಈ ಸ್ಪ್ರಿಂಗ್. ಅದರೊಳಗೆ ಆ್ಯಬ್‌ಸ್ಟ್ರ್ಯಾಕ್ಟ್‌ಸಿಂಗಲ್‌ಟನ್‌ಪ್ರಾಕ್ಸಿಫ್ಯಾಕ್ಟರಿಬೀನ್ ಅನ್ನುವ ಒಂದು ಕ್ಲಾಸ್, ಅಂದರೆ ಕೋಡಿನ ಒಂದು ತುಂಡು, ನಿಜವಾಗಿ ಇದೆ. ನಾನು ಕಟ್ಟಿದ ಹೆಸರಲ್ಲ. ಒಂದೇ ಉಸಿರಲ್ಲಿ ಹೇಳಿದವರಿಗೆ ಒಂದು ಕ್ವಿಂಟಲ್ ರಾಶಿ ಕೊಡಬಹುದು.

ಮೇಲಿಂದ ಮೂರು ಹಂತದ ಮಂಜೂರಾತಿ. ಗುಮಾಸ್ತರು ತುಂಬಬೇಕು, ಮ್ಯಾನೇಜರ್ ಪರಿಶೀಲಿಸಬೇಕು, ಕಾರ್ಯದರ್ಶಿ ಒಪ್ಪಬೇಕು. ಒಪ್ಪಲು ಮೊಬೈಲಿಗೆ ಒಟಿಪಿ. ಕಾರ್ಯದರ್ಶಿ ಸಿದ್ದಾಪುರದ ಕಡೆ ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕೂತಿರುತ್ತಾರೆ. ಅಲ್ಲಿ ಸಿಗ್ನಲ್ ಬೇಕೆಂದರೆ ಹಿತ್ತಿಲ ಗುಡ್ಡ ಹತ್ತಬೇಕು. ಉಂಡು, ಕೈತೊಳೆದು, ಗುಡ್ಡ ಹತ್ತುವಷ್ಟರಲ್ಲಿ ಒಟಿಪಿಯ ಆಯುಸ್ಸು ಮುಗಿದಿರುತ್ತದೆ. ಇತ್ತ ಪರದೆಯ ಮೇಲೆ ಹತ್ತು ಲಕ್ಷ ಜನರಿಗಾಗಿ ಒಂದೇ ಸಾಲು: ‘ಅನುಮೋದನೆ ಬಾಕಿ’.

ವರ್ಷ ತುಂಬುವ ಮೊದಲೇ ಹೊಸ ಬಿಲ್ಲು ಬಂತು. ಒರಾಕಲ್ ಕಂಪನಿ ದೊಡ್ಡ ಸಂಸ್ಥೆಗಳಿಗಾಗಿ ಇದ್ದ ಜಾವಾ ಇಇ ಅನ್ನುವ ವ್ಯವಸ್ಥೆಯನ್ನು ಎಕ್ಲಿಪ್ಸ್ ಫೌಂಡೇಶನ್‌ಗೆ ಒಪ್ಪಿಸಿತು, ಆದರೆ ಜಾವಾ ಅನ್ನುವ ಹೆಸರನ್ನು ತಾನೇ ಇಟ್ಟುಕೊಂಡಿತು. 2018ರಲ್ಲಿ ಅದು ಜಕಾರ್ತಾ ಇಇ ಆಯಿತು. 2020ರ ಆವೃತ್ತಿಯಲ್ಲಿ ಕೋಡಿನ ಒಳಗಿನ ಜಾವಾಎಕ್ಸ್ ಅನ್ನುವ ಹೆಸರು ಹೋಗಿ ಜಕಾರ್ತಾ ಬಂತು. ಸ್ಪ್ರಿಂಗ್ ಕೂಡ 2022ರಲ್ಲಿ ಅದೇ ದಾರಿ ಹಿಡಿಯಿತು. ನಮಗೆ ಕೊಟ್ಟದ್ದು ಅದಕ್ಕಿಂತ ಹಳೇ ಮಾಲು. ಆದ್ದರಿಂದ ಕಡತ ಕಡತಕ್ಕೂ ಹೆಸರು ತಿದ್ದಬೇಕು. ನಾಮಕರಣದ ಖರ್ಚು ಸೊಸೈಟಿಯದ್ದು. ಮಂಡಳಿ ಸರ್ವಾನುಮತದಿಂದ ಒಪ್ಪಿತು. ಜಕಾರ್ತಾ ಅಂದರೆ ಇಂಡೋನೇಷ್ಯಾ, ಅಲ್ಲಿಂದ ಕಳ್ಳ ಅಡಿಕೆ ಬರುವುದನ್ನು ತಡೆಯುವ ಯೋಜನೆ ಇರಬೇಕು ಅಂತ ಇಬ್ಬರು ನಿರ್ದೇಶಕರು ಖುಷಿಪಟ್ಟರು.

ಈ ನಡುವೆ ಗುಮಾಸ್ತರು ಸುಮ್ಮನೆ ಕೂರಲಿಲ್ಲ. ಗೋದಾಮಿನ ಮೂಲೆಯಲ್ಲಿದ್ದ ಕರಿಹಲಗೆ ಒರೆಸಿ, ಸೀಮೆಸುಣ್ಣದಲ್ಲಿ ದರ ಬರೆದು, ಫೋಟೋ ಹೊಡೆದು ವಾಟ್ಸ್‌ಆ್ಯಪ್‌ಗೆ ಬಿಡುತ್ತಿದ್ದಾರೆ. ಸದಸ್ಯರೆಲ್ಲ ಅದನ್ನೇ ನೋಡುವುದು. ಕನ್ಸಲ್ಟೆಂಟ್‌ಗೆ ಇದು ಗೊತ್ತಾಗಿ ಗಂಭೀರವಾದ ಪತ್ರ ಬರೆದಿದ್ದಾರೆ: ಮಂಜೂರಾತಿ ಇಲ್ಲದ ಸಾಧನ, ಭದ್ರತೆಗೆ ಅಪಾಯ. ಪರಿಹಾರವನ್ನೂ ಅವರೇ ಸೂಚಿಸಿದ್ದಾರೆ. ಎರಡನೇ ಹಂತದಲ್ಲಿ ಕರಿಹಲಗೆಯನ್ನು ಪ್ಲಾಟ್‌ಫಾರ್ಮಿಗೆ ಜೋಡಿಸಲಾಗುವುದು. ಕೊಟೇಶನ್ ಬಂದಿದೆ. ಸೀಮೆಸುಣ್ಣ ಅದರಲ್ಲಿ ಸೇರಿದೆಯಾ ಅಂತ ಗುಮಾಸ್ತರು ಕೇಳಿದರಂತೆ. ಅದಕ್ಕೆ ಬೇರೆ ಟೆಂಡರ್.