ಕಂಪನಿ ಲಾಭಕ್ಕೆ ನೌಕರನ ಸಂಬಳ ಗಂಟು ಹಾಕ್ಬೇಕಾ? ಪರ-ವಿರೋಧ

ಕ್ವಾರ್ಟರ್ ಮುಗೀತಾ ಬಂತು ಅಂದ್ರೆ ಆಫೀಸಲ್ಲಿ ಒಂದೇ ಮಾತು, ಈ ಸಲ ವೇರಿಯಬಲ್, ಅಂದ್ರೆ ಕಂಪನಿ ರಿಸಲ್ಟ್ ನೋಡಿ ಕೊಡೋ ಸಂಬಳದ ಪಾಲು, ಎಷ್ಟು ಪರ್ಸೆಂಟ್ ಬರುತ್ತೆ ಅಂತ. ರಿಸಲ್ಟ್ ಚೆನ್ನಾಗಿದ್ರೆ ಪೂರ್ತಿ, ಸುಮಾರಾಗಿದ್ರೆ ಅರ್ಧ, ಕೆಟ್ಟಿದ್ರೆ ಎಚ್‌ಆರ್ ಕಡೆಯಿಂದ ಒಂದು ಉದ್ದನೆ ಮೇಲ್ ಅಷ್ಟೇ. ಕಂಪನಿಯ ಲಾಭಕ್ಕೂ ಒಬ್ಬ ನೌಕರನ ಕೆಲಸಕ್ಕೂ ಇರೋ ನಂಟು ನಿಜವಾಗ್ಲೂ ಅಷ್ಟು ಗಟ್ಟಿನಾ, ಅವನ ಸಂಬಳದಲ್ಲಿ ಒಂದು ಪಾಲನ್ನ ತಗೊಂಡು ಅದಕ್ಕೆ ಗಂಟು ಹಾಕೋವಷ್ಟು? ಎರಡೂ ಕಡೆ ನಾನೇ ಬರೀತಿದೀನಿ. ನನ್ನ ಒಲವು ಯಾವ ಕಡೆ ಅಂತ ಓದ್ತಾ ಓದ್ತಾ ಗೊತ್ತಾಗುತ್ತೆ, ಮುಚ್ಚಿಡೋ ಆಸೆ ಏನಿಲ್ಲ.

ಪರ: ಹೌದು, ಗಂಟು ಹಾಕ್ಬೇಕು

ಮೊದಲು ಒಂದು ಸಣ್ಣ ಲೆಕ್ಕ ನೋಡೋಣ. ಒಂದು ಕಂಪನಿ 100ಕ್ಕೆ ಮಾಲು ಮಾರುತ್ತೆ ಅನ್ಕೊಳಿ. ಅದರಲ್ಲಿ 60 ಕಚ್ಚಾ ಸಾಮಗ್ರಿಗೆ, 20 ಸಂಬಳಕ್ಕೆ, 12 ಬಾಡಿಗೆ ಕರೆಂಟು ಬಡ್ಡಿ ಅಂತ ಹೋಗುತ್ತೆ, ಉಳಿಯೋ ಲಾಭ 8. ಈಗ ಕೆಲಸಗಾರರು ಸ್ವಲ್ಪ ಹುಷಾರಾಗಿ ಕೆಲಸ ಮಾಡಿ ಸಾಮಗ್ರಿ ಹಾಳಾಗೋದನ್ನ ತಪ್ಪಿಸಿ ಅದರ ಖರ್ಚನ್ನ 2% ಕಮ್ಮಿ ಮಾಡಿದ್ರು. 60ರಲ್ಲಿ 2% ಅಂದ್ರೆ 1.2. ಕೇಳಕ್ಕೆ ಏನೂ ಅಲ್ಲ, ಆದ್ರೆ ಲಾಭ 8 ಇದ್ದಿದ್ದು 9.2 ಆಯ್ತು, ಅಂದ್ರೆ 15% ಏರಿಕೆ! ಮಾರಾಟ ಒಂದು ಪೈಸೆ ಹೆಚ್ಚಾಗಿಲ್ಲ, ಹೊಸ ಮಷೀನ್ ಬಂದಿಲ್ಲ. ಮಾರ್ಜಿನ್, ಅಂದ್ರೆ ಮಾರಾಟದಲ್ಲಿ ಲಾಭವಾಗಿ ಉಳಿಯೋ ಪಾಲು, ತೆಳ್ಳಗಿರೋ ಕಡೆ ನೌಕರನ ಕೈಚಳಕ, ಗಮನ, ಕಾಳಜಿ ಇವೆಲ್ಲ ಲಾಭದ ಮೇಲೆ ಎಷ್ಟು ದೊಡ್ಡದಾಗಿ ಕಾಣುತ್ತೆ ಅಂತ ಇದರಲ್ಲೇ ಗೊತ್ತಾಗುತ್ತೆ. ಹಿಂಗಿರುವಾಗ ಆ 1.2ನಲ್ಲಿ ಅವರಿಗೂ ಒಂದು ಪಾಲು ಕೊಡಲ್ಲ ಅಂದ್ರೆ ಮುಂದಿನ ವರ್ಷ ಯಾರು ಹುಷಾರಾಗಿರ್ತಾರೆ ಹೇಳಿ?

ಇದು ಬರೀ ಕಾಗದದ ಲೆಕ್ಕ ಅಲ್ಲ. ಅಮೆರಿಕದಲ್ಲಿ ಸೇಫ್‌ಲೈಟ್ ಅಂತ ಕಾರಿನ ಮುಂದಿನ ಗ್ಲಾಸ್ ಕೂರಿಸೋ ಕಂಪನಿ ಇದೆ, 1990ರ ದಶಕದ ಮಧ್ಯದಲ್ಲಿ ಅವರು ಗಂಟೆ ಲೆಕ್ಕದ ಸಂಬಳ ಬಿಟ್ಟು ಎಷ್ಟು ಗ್ಲಾಸ್ ಕೂರಿಸಿದ್ರೆ ಅಷ್ಟು ದುಡ್ಡು ಅನ್ನೋ ಲೆಕ್ಕಕ್ಕೆ ಬಂದ್ರು. ಎಡ್ವರ್ಡ್ ಲೇಜಿಯರ್ ಅನ್ನೋ ಅರ್ಥಶಾಸ್ತ್ರಜ್ಞ ಅದರ ದಾಖಲೆ ಎಲ್ಲಾ ಇಟ್ಕೊಂಡು ಅಧ್ಯಯನ ಮಾಡಿ 2000ದಲ್ಲಿ ಪ್ರಕಟಿಸಿದ್ರು. ತಲಾ ಕೆಲಸದ ಪ್ರಮಾಣ 44% ಜಾಸ್ತಿ ಆಗಿತ್ತು. ಇದರಲ್ಲಿ ಸುಮಾರು ಅರ್ಧ ಇದ್ದ ಕೆಲಸಗಾರರೇ ಹೆಚ್ಚು ಮಾಡಿದ್ದರಿಂದ ಬಂದಿದ್ದು, ಉಳಿದಿದ್ದರಲ್ಲಿ ಒಂದು ಪಾಲು ಚುರುಕಾದವರು ಬಂದು ಸೇರಿದ್ರಿಂದ, ಬಹುಶಃ ಅಂಥವರು ಬಿಟ್ಟು ಹೋಗೋದು ಕಮ್ಮಿ ಆಗಿದ್ರಿಂದ. ನನಗೆ ಈ ಎರಡನೇ ಭಾಗನೇ ಹೆಚ್ಚು ಮುಖ್ಯ ಅನ್ಸುತ್ತೆ, ಯಾಕಂದ್ರೆ ಸಂಬಳದ ರೀತಿ ನೋಡಿನೇ ಜನ ಎಲ್ಲಿ ಇರ್ಬೇಕು ಎಲ್ಲಿಂದ ಹೋಗ್ಬೇಕು ಅಂತ ತೀರ್ಮಾನ ಮಾಡ್ತಾರೆ. ಎಲ್ಲರಿಗೂ ಒಂದೇ ಹೈಕ್ ಕೊಡೋ ಕಡೆ ಚೆನ್ನಾಗಿ ಕೆಲಸ ಮಾಡೋರು ಮೊದಲು ರೆಸ್ಯೂಮೆ ಅಪ್‌ಡೇಟ್ ಮಾಡ್ತಾರೆ, ಉಳಿಯೋರು ಯಾರು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ.

ಒಬ್ಬೊಬ್ಬರ ಕೆಲಸ ಎಣಿಸೋಕಾಗದ ಕಡೆ ಏನ್ ಮಾಡೋದು ಅಂತ ಕೇಳ್ಬಹುದು. ಅಲ್ಲೂ ದಾರಿ ಇದೆ. ಕಾಂಟಿನೆಂಟಲ್ ಏರ್‌ಲೈನ್ಸ್ 1994ರ ಹೊತ್ತಿಗೆ ಟೈಮಿಗೆ ಸರಿಯಾಗಿ ವಿಮಾನ ಬಿಡೋದ್ರಲ್ಲಿ ಅಮೆರಿಕದ ದೊಡ್ಡ ಏರ್‌ಲೈನ್‌ಗಳ ಪಟ್ಟಿಯಲ್ಲಿ ತಳದಲ್ಲಿತ್ತು. 1995ರಲ್ಲಿ ಅದರ ಸಿಇಒ ಗಾರ್ಡನ್ ಬೆಥೂನ್ ಒಂದು ಸ್ಕೀಮ್ ತಂದ್ರು: ಯಾವ ತಿಂಗಳು ಕಂಪನಿ ಆ ಪಟ್ಟಿಯ ಮೊದಲ ಐದರಲ್ಲಿ ಬರುತ್ತೋ ಆ ತಿಂಗಳು ಒಬ್ಬೊಬ್ಬರಿಗೂ 65 ಡಾಲರ್. ಹತ್ತಾರು ಸಾವಿರ ಜನ ಇದ್ದ ಕಂಪನಿ, ನಾನೊಬ್ಬ ಸೋಮಾರಿಯಾದ್ರೆ ಯಾರಿಗೆ ಗೊತ್ತಾಗುತ್ತೆ ಅಂತ ಎಲ್ಲರೂ ಅನ್ಕೊಂಡಿದ್ರೆ ಸ್ಕೀಮ್ ಮೊದಲನೇ ತಿಂಗಳೇ ಮಕಾಡೆ ಮಲಗ್ತಿತ್ತು. ಹಂಗಾಗ್ಲಿಲ್ಲ, ಕೆಲವೇ ತಿಂಗಳಲ್ಲಿ ಪಟ್ಟಿಯ ತುದಿಗೇ ಬಂತು. ಒಂದೊಂದು ಏರ್‌ಪೋರ್ಟಲ್ಲೂ ಸಣ್ಣ ಸಣ್ಣ ತಂಡ, ಒಬ್ಬರು ಮೈಗಳ್ಳತನ ಮಾಡಿದ್ರೆ ಪಕ್ಕದವರ ಕಣ್ಣಿಗೇ ಬೀಳುತ್ತೆ, ಅವರೇ ಕೇಳ್ತಾರೆ.

ಇನ್ನೊಂದು ವಿಷಯ, ಇದನ್ನ ಯಾರೂ ಜೋರಾಗಿ ಹೇಳಲ್ಲ. ಸಂಬಳ ಪೂರ್ತಿ ಫಿಕ್ಸ್ ಆಗಿದ್ರೆ ಕಷ್ಟಕಾಲದಲ್ಲಿ ಕಂಪನಿ ಮುಂದೆ ಇರೋ ಸುಲಭದ ದಾರಿ ಒಂದೇ, ಜನರನ್ನ ತೆಗೆಯೋದು. ಒಂದು ಪಾಲು ಲಾಭದ ಜೊತೆ ಏರಿಳಿಯೋ ಹಂಗಿದ್ರೆ ಕೆಟ್ಟ ವರ್ಷದಲ್ಲಿ ಸಂಬಳದ ಬಿಲ್ ತಾನಾಗೇ ಇಳಿಯುತ್ತೆ, ತಲೆ ಉರುಳೋದು ತಪ್ಪುತ್ತೆ. ವೆಲ್ಡಿಂಗ್ ಮಷೀನ್ ಮಾಡೋ ಲಿಂಕನ್ ಎಲೆಕ್ಟ್ರಿಕ್ 1934ರಿಂದ ವರ್ಷದ ಬೋನಸ್ ಕೊಡ್ತಾ ಬಂದಿದೆ, ಅದರ ಜೊತೆಗೇ ಅಮೆರಿಕದ ತನ್ನ ಕಾಯಂ ನೌಕರರನ್ನ ಲೇ-ಆಫ್ ಮಾಡಲ್ಲ ಅನ್ನೋ ನೀತಿಗೂ ದಶಕಗಟ್ಟಲೆ ಹೆಸರುವಾಸಿ ಆಗಿತ್ತು. ಫ್ರಾನ್ಸಲ್ಲಂತೂ 1967ರಿಂದ ದೊಡ್ಡ ಕಂಪನಿಗಳು ಲಾಭದಲ್ಲಿ ನೌಕರರಿಗೆ ಪಾಲು ಕೊಡ್ಲೇಬೇಕು ಅಂತ ಕಾನೂನೇ ಇದೆ. ಲಾಭ ಬಂದಾಗ ಮಾಲೀಕರದ್ದು, ನಷ್ಟ ಬಂದಾಗ ಎಲ್ಲರದ್ದು ಅನ್ನೋದಕ್ಕಿಂತ ಇದು ವಾಸಿ ಅಲ್ವಾ.

ವಿರೋಧ: ಬೇಡ, ಅದು ನೌಕರನ ಕೈಯಲ್ಲಿರೋ ದಾರ ಅಲ್ಲ

ಅದೇ ಲೆಕ್ಕ ವಾಪಸ್ ತಗೊಳ್ಳೋಣ, 100, 60, 20, 12, 8. ಕೆಲಸಗಾರರು ಅದೇ ತರ ಹುಷಾರಾಗಿ 2% ಸಾಮಗ್ರಿ ಉಳಿಸಿದ್ರು, ಆದ್ರೆ ಅದೇ ವರ್ಷ ಸಾಮಗ್ರಿಯ ರೇಟು 5% ಏರ್ತು. 60 ಇದ್ದಿದ್ದು 63 ಆಯ್ತು, ಅದರಲ್ಲಿ 2% ಉಳಿತಾಯ ಕಳೆದ್ರೆ 61.74. ಲಾಭ ಎಷ್ಟು? 6.26. ಹೋದ ವರ್ಷಕ್ಕಿಂತ ಸುಮಾರು 22% ಕಮ್ಮಿ! ಕೆಲಸ ಹಿಂದಿನ ವರ್ಷಕ್ಕಿಂತ ಚೆನ್ನಾಗಾಗಿದೆ, ಬೋನಸ್ ಮಾತ್ರ ಕತ್ತರಿ. ಮಾರ್ಜಿನ್ ತೆಳ್ಳಗಿದ್ರೆ ನೌಕರನ ಕೆಲಸ ದೊಡ್ಡದಾಗಿ ಕಾಣುತ್ತೆ ಅಂತ ಮೇಲೆ ಹೇಳಿದ್ದು ಸರಿನೇ, ಆದ್ರೆ ಹೊರಗಿನಿಂದ ಬರೋ ಪ್ರತಿಯೊಂದು ಹೊಡೆತನೂ ಅದಕ್ಕಿಂತ ದೊಡ್ಡದಾಗಿ ಕಾಣುತ್ತೆ. ಬಡ್ಡಿ ದರ, ಕರೆನ್ಸಿ ರೇಟು, ಪಕ್ಕದ ಕಂಪನಿ ಬೆಲೆ ಇಳಿಸಿದ್ದು, ಹೊಸ ಟ್ಯಾಕ್ಸು, ಐದು ವರ್ಷದ ಹಿಂದೆ ಯಾರೋ ಮೇಲಿನವರು ಮಾಡಿದ ಸಾಲ, ಕಡೆಗೆ ಸವಕಳಿಯನ್ನ, ಅಂದ್ರೆ ಮಷೀನ್ ಸವೆದು ಬೆಲೆ ಇಳಿಯೋ ಖರ್ಚನ್ನ, ಎಷ್ಟು ವರ್ಷಕ್ಕೆ ಹಂಚ್ತಾರೆ ಅನ್ನೋ ಅಕೌಂಟ್ಸ್ ತೀರ್ಮಾನ ಕೂಡ, ಇದೆಲ್ಲಾ ಸೇರಿ ಆಗೋದು ಲಾಭ ಅನ್ನೋ ಆ ಕೊನೇ ಸಾಲಿನ ನಂಬರು. ಅದರಲ್ಲಿ ಲೈನಲ್ಲಿ ನಿಂತಿರೋನ ಬೆವರು ಎಷ್ಟು ಅಂತ ಹೆಕ್ಕಿ ತೆಗೆಯೋದು ಹೆಂಗೆ?

2020ರಲ್ಲಿ ಪ್ರಪಂಚದ ವಿಮಾನ ಪ್ರಯಾಣ ಹಿಂದಿನ ವರ್ಷಕ್ಕೆ ಹೋಲಿಸಿದ್ರೆ ಸುಮಾರು ಮೂರನೇ ಎರಡು ಭಾಗ ಬಿದ್ದೋಯ್ತು. ಪೈಲಟ್‌ಗಳು ಕೆಲಸ ಮರೆತುಬಿಟ್ರಾ? ಅದೇ ಹೊತ್ತಲ್ಲಿ ವಿಡಿಯೋ ಮೀಟಿಂಗ್ ಆ್ಯಪ್ ಮಾಡೋ ಜೂಮ್ ಕಂಪನಿಯ ಆದಾಯ 2021ರ ಜನವರಿಗೆ ಮುಗಿದ ಹಣಕಾಸು ವರ್ಷದಲ್ಲಿ 326% ಏರ್ತು. ಅಲ್ಲಿನ ಇಂಜಿನಿಯರ್‌ಗಳು ಒಳ್ಳೆ ಸರಕನ್ನೇ ಮಾಡಿದ್ರು, ಅನುಮಾನ ಇಲ್ಲ, ಆದ್ರೆ ಲಾಕ್‌ಡೌನ್ ಅವರು ಮಾಡಿದ್ದಲ್ಲ. 2023ರ ಫೆಬ್ರವರಿಯಲ್ಲಿ ಅದೇ ಕಂಪನಿ ಸುಮಾರು 1300 ಜನರನ್ನ, ಅಂದ್ರೆ ಹತ್ತಿರ ಹತ್ತಿರ 15% ಸಿಬ್ಬಂದಿನ ಮನೆಗೆ ಕಳಿಸ್ತು. ಎರಡು ವರ್ಷದಲ್ಲಿ ಅಷ್ಟು ಜನರ ಪ್ರತಿಭೆ ಆವಿ ಆಗೋಯ್ತು ಅಂತ ನಂಬಕ್ಕಾಗುತ್ತಾ.

ಅದೃಷ್ಟಕ್ಕೆ ದುಡ್ಡು ಕೊಡೋ ಈ ಚಾಳಿ ಮೇಲಿನ ಮಟ್ಟದಲ್ಲಿ ಇನ್ನೂ ಜೋರು. ಅರ್ಥಶಾಸ್ತ್ರಜ್ಞರಾದ ಮಾರಿಯಾನ್ ಬರ್ಟ್ರಾಂಡ್ ಮತ್ತೆ ಸೆಂಧಿಲ್ ಮುಲ್ಲೈನಾಥನ್ 2001ರಲ್ಲಿ ತೋರಿಸಿದ್ದು ಇದನ್ನೇ, ಕಚ್ಚಾತೈಲದ ಬೆಲೆ ಏರಿದಾಗ ತೈಲ ಕಂಪನಿ ಸಿಇಒಗಳ ಸಂಬಳನೂ ಏರುತ್ತೆ, ಆ ಬೆಲೆ ಅವರ ಕೈಯಲ್ಲಿ ಇಲ್ಲದಿದ್ರೂ. ಹೋಗ್ಲಿ ಬಿಡಿ, ಅವರು ಕೆಟ್ಟ ವರ್ಷನೂ ತಡ್ಕೋತಾರೆ. ತಿಂಗಳ ಕಂತು ಕಟ್ಟೋನಿಗೆ ಸಂಬಳದ ಐದನೇ ಒಂದು ಪಾಲು ಬರುತ್ತೋ ಇಲ್ವೋ ಅನ್ನೋದು ಪ್ರೋತ್ಸಾಹ ಅಲ್ಲ, ನಿದ್ದೆಗೇಡು. ರಿಸ್ಕ್ ತಗೊಳ್ಳೋಕೆ ಅಂತಾನೇ ಷೇರುದಾರರು ಇದಾರೆ, ಹತ್ತು ಕಂಪನಿಯಲ್ಲಿ ದುಡ್ಡು ಹಂಚಿಟ್ಟಿರ್ತಾರೆ. ನೌಕರನಿಗೆ ಇರೋದು ಒಂದೇ ಕಂಪನಿ.

ಈಗ ಕೆಲಸದ ಗುಣಮಟ್ಟದ ಕಡೆ ಬರೋಣ, ನನಗೆ ಹೇಳೋಕೆ ಹೆಚ್ಚು ಇರೋದು ಇಲ್ಲೇ. ಗುಣಮಟ್ಟದ ವಿಷಯದಲ್ಲಿ ಹೆಸರಾಂತ ತಜ್ಞ ಎಡ್ವರ್ಡ್ಸ್ ಡೆಮಿಂಗ್ ತಮ್ಮ ತರಗತಿಗಳಲ್ಲಿ ಒಂದು ಆಟ ಆಡಿಸ್ತಿದ್ರು. ಒಂದು ಡಬ್ಬದಲ್ಲಿ 3200 ಬಿಳಿ ಮಣಿ, 800 ಕೆಂಪು ಮಣಿ. 50 ಗುಳಿ ಇರೋ ಒಂದು ಹಲಗೆ. ಸಭಿಕರಲ್ಲೇ ಕೆಲವರನ್ನ ಕರೆದು ಕೆಲಸಗಾರರು ಅಂತ ಮಾಡೋದು, ಅವರು ಹಲಗೆನ ಡಬ್ಬದಲ್ಲಿ ಅದ್ದಿ ಎತ್ತಬೇಕು, 50 ಮಣಿ ಬರುತ್ತೆ, ಗಿರಾಕಿಗೆ ಬೇಕಾಗಿರೋದು ಬಿಳಿ ಮಾತ್ರ, ಕೆಂಪು ಬಂದ್ರೆ ಡಿಫೆಕ್ಟ್. ಒಬ್ಬರಿಗೆ 6 ಕೆಂಪು ಬರುತ್ತೆ, ಇನ್ನೊಬ್ಬರಿಗೆ 14. ಡೆಮಿಂಗ್ ಮ್ಯಾನೇಜರ್ ವೇಷದಲ್ಲಿ ಕಮ್ಮಿ ಬಂದೋರನ್ನ ಹೊಗಳೋದು, ಜಾಸ್ತಿ ಬಂದೋರಿಗೆ ಬೈಯೋದು, ಮುಂದಿನ ಸುತ್ತಲ್ಲಿ ಹೊಗಳಿಸಿಕೊಂಡೋನಿಗೇ 13 ಬರೋದು, ಬೈಸಿಕೊಂಡೋನು ಸುಧಾರಿಸಿಬಿಟ್ಟ ಅನ್ನೋ ಹಂಗೆ 8ಕ್ಕೆ ಇಳಿಯೋದು. ಸಭೆಯೆಲ್ಲಾ ನಗ್ತಿತ್ತಂತೆ. ಐದನೇ ಒಂದು ಭಾಗ ಕೆಂಪು ತುಂಬಿರೋ ಡಬ್ಬದಿಂದ ಎಷ್ಟೇ ಶ್ರದ್ಧೆಯಿಂದ ಎತ್ತಿದ್ರೂ ಸರಾಸರಿ ಹತ್ತರ ಆಸುಪಾಸಲ್ಲೇ ಬರೋದು, ಡಬ್ಬ ತುಂಬಿಸೋನು ಕೆಲಸಗಾರ ಅಲ್ಲ. ನಮ್ಮ ಅಪ್ರೈಸಲ್ ಮೀಟಿಂಗ್‌ಗಳಲ್ಲಿ ಯಾರೂ ನಗಲ್ಲ ಅನ್ನೋದೊಂದೇ ವ್ಯತ್ಯಾಸ.

ಡಬ್ಬ ಬದಲಾಯಿಸಿದ್ರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದ ಜನರಲ್ ಮೋಟಾರ್ಸ್ ಕಾರ್ಖಾನೆ ಅವರ ಕಾರ್ಖಾನೆಗಳಲ್ಲೇ ಕೆಟ್ಟದ್ದು ಅಂತ ಹೆಸರು ತಗೊಂಡಿತ್ತು, ಐದರಲ್ಲಿ ಒಬ್ಬರು ಕೆಲಸಕ್ಕೇ ಬರ್ತಿರ್ಲಿಲ್ಲ, 1982ರಲ್ಲಿ ಬಾಗಿಲು ಹಾಕಿದ್ರು. 1984ರಲ್ಲಿ ಟೊಯೊಟಾ ಜೊತೆ ಸೇರಿ ನುಮ್ಮಿ ಅನ್ನೋ ಹೆಸರಲ್ಲಿ ಮತ್ತೆ ತೆರೆದಾಗ ತಗೊಂಡಿದ್ದು ಬಹುತೇಕ ಅದೇ ಹಳೇ ಜನರನ್ನ, ಅದೇ ಯೂನಿಯನ್. ಕೆಲಸದ ರೀತಿ ಮಾತ್ರ ಟೊಯೊಟಾದ್ದು: ತಪ್ಪು ಕಂಡ್ರೆ ಯಾರು ಬೇಕಾದ್ರೂ ಹಗ್ಗ ಎಳೆದು ಲೈನ್ ನಿಲ್ಲಿಸಬಹುದು, ನಿಲ್ಲಿಸಿದ್ದಕ್ಕೆ ಬೈಗುಳ ಇಲ್ಲ, ಟೀಮ್ ಲೀಡರ್ ಓಡಿ ಬಂದು ಸಹಾಯ ಮಾಡ್ತಾರೆ. ಗೈರುಹಾಜರಿ ಕೆಲವೇ ಶೇಕಡಾಕ್ಕೆ ಇಳೀತು, ಕಾರಿನ ಗುಣಮಟ್ಟ ಜಪಾನಿನ ಕಾರ್ಖಾನೆಗಳ ಹತ್ತಿರಕ್ಕೆ ಬಂತು. ಹಳೇ ಮ್ಯಾನೇಜ್‌ಮೆಂಟ್ ಕೈಯಲ್ಲಿ ಅದೇ ಜನಕ್ಕೆ ಎಷ್ಟು ಬೋನಸ್ ತೋರಿಸಿದ್ರೂ ಈ ಬದಲಾವಣೆ ಬರ್ತಿತ್ತು ಅಂತ ನನಗಂತೂ ಅನ್ಸಲ್ಲ.

ಇನ್ನು ಟಾರ್ಗೆಟ್ ಒತ್ತಡ. ವೆಲ್ಸ್ ಫಾರ್ಗೋ ಬ್ಯಾಂಕಲ್ಲಿ ಒಬ್ಬ ಗ್ರಾಹಕನಿಗೆ ಎಂಟು ಪ್ರಾಡಕ್ಟ್ ಮಾರ್ಬೇಕು ಅನ್ನೋ ಗುರಿ ಇತ್ತು. ಬ್ರಾಂಚ್ ಮಟ್ಟದ ಸಿಬ್ಬಂದಿ ಗ್ರಾಹಕರಿಗೆ ಗೊತ್ತೇ ಇಲ್ಲದ ಹಾಗೆ ಲಕ್ಷಗಟ್ಟಲೆ ಖಾತೆ ತೆರೆದ್ರು. 2016ರಲ್ಲಿ 185 ಮಿಲಿಯನ್ ಡಾಲರ್ ದಂಡ ಬಿತ್ತು, ಅಷ್ಟೊತ್ತಿಗೆ ಸುಮಾರು 5300 ಜನರನ್ನ ಕೆಲಸದಿಂದ ತೆಗೆದಾಗಿತ್ತು, 2020ರಲ್ಲಿ ಮತ್ತೆ 3 ಬಿಲಿಯನ್ ಡಾಲರ್ ಕೊಟ್ಟು ರಾಜಿ ಮಾಡ್ಕೊಂಡ್ರು. ರಿಪೋರ್ಟಲ್ಲಿ ನಂಬರ್ ಮಾತ್ರ ವರ್ಷಗಟ್ಟಲೆ ಭರ್ಜರಿಯಾಗಿ ಕಾಣ್ತಿತ್ತು, ಷೇರುದಾರರಿಗೂ ಖುಷಿ. ಇಷ್ಟು ಜನ ಒಟ್ಟಿಗೆ ಅಪ್ರಾಮಾಣಿಕರಾಗಿ ಹುಟ್ಟಿರಲ್ಲ. ಬೆಲ್ ಕರ್ವ್, ಅಂದ್ರೆ ಇಷ್ಟು ಜನಕ್ಕೆ ಇಂಥ ರೇಟಿಂಗ್ ಅಂತ ಮೊದಲೇ ಹಂಚಿಡೋ ಪದ್ಧತಿ, ಅದರ ಕಥೆನೂ ಇದರ ತಮ್ಮನೇ, ತಂಡದಲ್ಲಿ ಯಾರಾದ್ರೂ ಕೊನೇ ರೇಟಿಂಗ್ ತಗೊಳ್ಲೇಬೇಕು ಅಂದ್ರೆ ಪಕ್ಕದವನಿಗೆ ಸಹಾಯ ಮಾಡೋದೇ ನಷ್ಟ, ಮೈಕ್ರೋಸಾಫ್ಟ್ 2013ರಲ್ಲಿ ಅದನ್ನ ಕೈಬಿಡ್ತು.

ಪರ ವಾದದ ಉದಾಹರಣೆಗಳನ್ನೂ ಸ್ವಲ್ಪ ಹತ್ತಿರದಿಂದ ನೋಡಿ. ಸೇಫ್‌ಲೈಟ್‌ನಲ್ಲಿ ದುಡ್ಡು ಕಟ್ಟಿದ್ದು ಕಂಪನಿ ಲಾಭಕ್ಕಲ್ಲ, ಕೂರಿಸಿದ ಗ್ಲಾಸಿಗೆ. ಅದೂ ಕೆಳಗೆ ಇಷ್ಟು ಅಂತ ಗ್ಯಾರಂಟಿ ಸಂಬಳ ಇಟ್ಟು, ಕೆಟ್ಟು ಕೂರಿಸಿದ್ರೆ ಕೂರಿಸಿದವನೇ ಪುಕ್ಕಟೆ ಸರಿ ಮಾಡ್ಬೇಕು ಅನ್ನೋ ಷರತ್ತೂ ಹಾಕಿ. ಕಾಂಟಿನೆಂಟಲ್ 65 ಡಾಲರ್ ಕಟ್ಟಿದ್ದು ವಿಮಾನದ ಟೈಮಿಗೆ, ಅದು ಬ್ಯಾಗೇಜ್ ಹಾಕೋನಿಂದ ಹಿಡಿದು ಗೇಟಲ್ಲಿ ನಿಂತವರ ತನಕ ಎಲ್ಲರ ಕೈಗೂ ಎಟುಕೋ ವಿಷಯ, ಇಂಧನದ ಬೆಲೆ ಏರಿದ್ರೆ ಅದು ಕರಗಿಹೋಗಲ್ಲ. ಅಂಥದ್ದಕ್ಕೆ ಕಟ್ಟಿ, ನನ್ನ ತಕರಾರಿಲ್ಲ. ಲಾಭದಲ್ಲಿ ಪಾಲು ಕೊಡ್ಬೇಕು ಅನ್ಸಿದ್ರೆ ಅದನ್ನೂ ಕೊಡಿ, ಸಂಬಳದ ಮೇಲಿಂದ ಕೊಡಿ, ಸಂಬಳದಿಂದ ಮುರಿದು ವೇರಿಯಬಲ್ ಅಂತ ಹೆಸರಿಟ್ಟು ಕೊಡಬೇಡಿ, ಮತ್ತೆ ಅದನ್ನ ನಿನ್ನ ಪರ್ಫಾರ್ಮೆನ್ಸ್ ಅಂತ ಕರೀಬೇಡಿ. ಇನ್ನು ಲಿಂಕನ್ ಎಲೆಕ್ಟ್ರಿಕ್. 1990ರ ದಶಕದ ಶುರುವಲ್ಲಿ ಆ ಕಂಪನಿ ವಿದೇಶದಲ್ಲಿ ಕೊಂಡ್ಕೊಂಡಿದ್ದ ಘಟಕಗಳಿಂದ ಭಾರಿ ನಷ್ಟಕ್ಕೆ ಬಿತ್ತು. ಲಾಭಕ್ಕೆ ಗಂಟು ಹಾಕೋ ಲೆಕ್ಕ ಹಿಡಿದಿದ್ರೆ ಅಮೆರಿಕದ ನೌಕರರಿಗೆ ಆ ವರ್ಷ ಬೋನಸ್ ಸೊನ್ನೆ ಆಗ್ಬೇಕಿತ್ತು. ಆದ್ರೆ ಅವರ ಘಟಕಗಳು ಚೆನ್ನಾಗೇ ದುಡಿದಿದ್ವು, ತಪ್ಪು ಮೇಲಿನವರ ಖರೀದಿಗಳದ್ದು, ಹಂಗಾಗಿ ಕಂಪನಿ ಸಾಲ ತಂದು ಬೋನಸ್ ಕೊಡ್ತು.