ಇನ್ನೂರು ಗ್ರಾಮಿನ ಮೈದುನ

ನಮ್ಮ ಅಡುಗೆಮನೆಯ ತೂಕದ ಮೆಷಿನ್ ಮತ್ತೆ ಕಾಣೆಯಾಗಿತ್ತು. ಕೃಷ್ಣಾಷ್ಟಮಿ ಹತ್ತಿರ ಬಂತು, ಚಕ್ಕುಲಿಗೆ ಹಿಟ್ಟು ತೂಗೋಣ ಅಂತ ಡಬ್ಬಿಗಳ ಹಿಂದೆ, ಫ್ರಿಜ್ ಮೇಲೆ, ಹಳೇ ಪೇಪರ್ ಕಟ್ಟಿನ ಕೆಳಗೆ ಎಲ್ಲ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಮೈದುನನ ರೂಮಿನಲ್ಲಿ. ಅದರ ಮೇಲೆ ಒಂದು ಕಾಲುಚೀಲ ಮಲಗಿತ್ತು.

“ಒಗೆದಿರೋದೇ ಅತ್ತಿಗೆ,” ಅಂದ, ನಾನು ಬಾಯಿ ತೆಗೆಯುವ ಮೊದಲೇ. “ಇಲ್ನೋಡಿ, ಒಂದು 46 ಗ್ರಾಂ, ಇನ್ನೊಂದು 49. ಒಂದೇ ಜೊತೆ! ಹೇಗೆ ಸಾಧ್ಯ?”

ಹೇಗೆ ಸಾಧ್ಯ ಅಂತ ನನಗೇನು ಗೊತ್ತು? ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಕಾಲುಚೀಲ ಕೂತೆದ್ದ ಮೆಷಿನ್ ಇನ್ನು ಒಲೆಯ ಹತ್ತಿರ ಬರಕೂಡದು ಅಂತ ತೀರ್ಪು ಕೊಟ್ಟು ಹೋದರು. ಚಕ್ಕುಲಿ ಕಣ್ಣಂದಾಜಿನ ಮೇಲೆ ಆಯಿತು. ಕಲ್ಲಾಯಿತು.

ಇದಕ್ಕೆಲ್ಲ ಕಾರಣ ಹಿಮ. ಹನುಮಂತನಗರದ ನಾಲ್ಕನೇ ಮಹಡಿಯಲ್ಲಿ, ಫ್ಯಾನ್ ಕೆಳಗೆ ಕೂತು, ನನ್ನ ಮೈದುನ ಹಿಮದಲ್ಲಿ ಜಾರುವ ಸ್ಕೀ ಆರಿಸುತ್ತಿದ್ದಾನೆ. ಕೊಳ್ಳುತ್ತಿಲ್ಲ, ಆರಿಸುತ್ತಿದ್ದಾನೆ. ಕೊಳ್ಳೋದು ಒಂದು ದಿನದ ಕೆಲಸ. ಆರಿಸೋದು ಸಂಕ್ರಾಂತಿಯಿಂದ ನಡೆಯುತ್ತಿದೆ.

ಸ್ಕೀ ಅಂದರೆ ಮೇಲಿಂದ ಕೆಳಗೆ ಜಾರೋದು, ಅಷ್ಟೇ ಅಲ್ವಾ ನಾವು ತಿಳಿದಿರೋದು? ಇವನಿಗೆ ಬೇಕಾಗಿರೋದು ಟೂರಿಂಗ್ ಸ್ಕೀ. ಅದನ್ನೇ ತೊಟ್ಟು ಮೊದಲು ಬೆಟ್ಟ ಹತ್ತಬೇಕಂತೆ, ಆಮೇಲೆ ಜಾರಬೇಕಂತೆ. ಇವನು ಹೋಗಬೇಕು ಅಂತಿರೋ ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಒಳ್ಳೆ ಗೊಂಡೋಲ ಇದೆ, ತಂತಿಯ ಮೇಲೆ ಹೋಗುವ ತೊಟ್ಟಿಲು. 2,650 ಮೀಟರ್ ಎತ್ತರದ ಊರಿನಿಂದ ಅಫರ್ವತ್ ಬೆಟ್ಟದ ಹೆಗಲಿಗೆ, 3,900 ಮೀಟರ್ ದಾಟಿ, ಕೂತಲ್ಲೇ ಕರೆದುಕೊಂಡು ಹೋಗಿ ಬಿಡುತ್ತೆ. “ಅದನ್ನು ಬಿಟ್ಟು ಯಾಕೋ ನಡೀತೀಯ?” ಅಂದೆ.

“ಗೊಂಡೋಲ ಹೋಗೋ ಕಡೆಗೆ ಎಲ್ಲರೂ ಹೋಗ್ತಾರೆ ಅತ್ತಿಗೆ.”

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಕೆಟ್ಟ ದಿನ ವರ್ಕ್ ಫ್ರಮ್ ಹೋಮ್ ಹಾಕುವ ಹುಡುಗ ಹೇಳಿದ ಮಾತು ಇದು.

ಹಿಮದಲ್ಲಿ ಹಿಂದಕ್ಕೆ ಜಾರದೆ ಹತ್ತೋದು ಹೇಗೆ ಅಂತ ನನಗೂ ಕುತೂಹಲವಿತ್ತು, ಸುಳ್ಳು ಯಾಕೆ ಹೇಳಲಿ. ಸ್ಕೀ ತಳಕ್ಕೆ ಉದ್ದನೆಯ ಪಟ್ಟಿ ಅಂಟಿಸುತ್ತಾರೆ. ಅದರ ತುಂಬ ಒಂದೇ ದಿಕ್ಕಿಗೆ ಮಲಗಿದ ಕೂದಲು. ಮುಂದಕ್ಕೆ ತಳ್ಳಿದರೆ ಜಾರುತ್ತೆ, ಹಿಂದಕ್ಕೆ ಬಿಡಲ್ಲ. ಹಿಂದಿನ ಕಾಲದಲ್ಲಿ ಸೀಲ್ ಪ್ರಾಣಿಯ ಚರ್ಮ ಕಟ್ಟುತ್ತಿದ್ದರು. ಈಗ ನೈಲಾನ್, ಇಲ್ಲವೇ ಅಂಗೋರಾ ಮೇಕೆಯ ಮೊಹೇರ್, ಇಲ್ಲವೇ ಎರಡೂ ಬೆರೆಸಿದ್ದು. ಮೊಹೇರ್ ಸಲೀಸಾಗಿ ಜಾರುತ್ತೆ, ನೈಲಾನ್‌ಗೆ ಹಿಡಿತ ಜಾಸ್ತಿ, ಬಾಳಿಕೆಯೂ ಜಾಸ್ತಿ. ಇಷ್ಟನ್ನೂ ಅವನು ಹೇಳಿದ್ದು ಊಟದ ಹೊತ್ತಿನಲ್ಲಿ. ಅತ್ತೆಯ ಕಿವಿಗೆ ಬಿದ್ದದ್ದು ಸೀಲ್ ಚರ್ಮ ಒಂದೇ. ಸಾರನ್ನ ಕಲಸುತ್ತಿದ್ದ ಕೈ ನಿಲ್ಲಿಸಿ, ಆ ಪಟ್ಟಿ ಬಾಲ್ಕನಿ ದಾಟಿ ಒಳಗೆ ಬರಕೂಡದು ಅಂದರು. ಇನ್ನೂ ಕೊಂಡೇ ಇಲ್ಲದ ಪಟ್ಟಿ!

ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ನದ್ದು ಇನ್ನೊಂದು ಪುರಾಣ. ಬೂಟಿನ ಮೂತಿಯನ್ನು ಎರಡು ಪುಟ್ಟ ಪಿನ್‌ಗಳು ಕಚ್ಚಿ ಹಿಡಿಯುತ್ತವೆ. ಹತ್ತುವಾಗ ಹಿಮ್ಮಡಿ ಬಿಟ್ಟಿರುತ್ತೆ, ಇಳಿಯುವಾಗ ಅದನ್ನೂ ಬಿಗಿಯುತ್ತಾರೆ. 1980ರ ದಶಕದಲ್ಲಿ ಆಸ್ಟ್ರಿಯಾದ ಫ್ರಿಟ್ಜ್ ಬಾರ್ಥೆಲ್ ಎಂಬಾತ ಇದನ್ನು ಕಂಡುಹಿಡಿದು ಕಾಲಿನ ಭಾರ ಎಷ್ಟೋ ಇಳಿಸಿದ. ಈ ಬಾರ್ಥೆಲ್ ಹೆಸರು ನಮ್ಮನೆಯಲ್ಲಿ ದಿನಾ ಕೇಳುತ್ತೆ. ನಮ್ಮ ಮಾವನವರ ಹೆಸರು ವರ್ಷಕ್ಕೊಮ್ಮೆ ಕೇಳುತ್ತೆ.

ಎಲ್ಲಕ್ಕೂ ಬುಡ ಈ ತೂಕದ ಹುಚ್ಚು. ಒಂದು ಸ್ಕೀ 1,250 ಗ್ರಾಂ ಇದ್ದರೆ ಹತ್ತೋಕೆ ಸುಖ. 1,450 ಇದ್ದರೆ ಇಳಿಯೋಕೆ ಸುಖ. ನಡುವೆ ಸಿಕ್ಕಿಕೊಂಡಿರೋದು ಇನ್ನೂರು ಗ್ರಾಂ, ಮತ್ತು ನಮ್ಮ ಸಂಸಾರ. “ಒಂದು ಹೆಜ್ಜೆಗೆ ಇನ್ನೂರು ಗ್ರಾಂ ಅಂದ್ರೆ ಸಾವಿರ ಹೆಜ್ಜೆಗೆ ಎಷ್ಟಾಯ್ತು ಅತ್ತಿಗೆ?” ಇನ್ನೂರು ಕೆಜಿ. ಲೆಕ್ಕವೇನೋ ಸರಿ. ಆದರೆ ಗೇಟಿನಲ್ಲಿ ಇಳಿಸಿಹೋದ 20 ಲೀಟರ್ ನೀರಿನ ಕ್ಯಾನ್ ತಗೊಂಡು ಬಾ ಅಂದರೆ ಇವನಿಗೆ ಬೆನ್ನು ಹಿಡಿದಿರುತ್ತೆ. ಗ್ಯಾಸ್ ಸಿಲಿಂಡರ್ ಬದಲಾಯಿಸು ಅಂದರೆ ಮೀಟಿಂಗ್ ಇರುತ್ತೆ. ಭಾರ ಗ್ರಾಮಿನಲ್ಲಿರುವವರೆಗೆ ಅವನದ್ದು. ಕೆಜಿ ಮುಟ್ಟಿದ ಕೂಡಲೇ ನನ್ನ ಖಾತೆಗೆ ಬರುತ್ತೆ.

ಜಾಕೆಟ್‌ನ ಜಿಪ್ಪಿಗೆ ಕಟ್ಟಿದ್ದ ದಾರಗಳನ್ನೆಲ್ಲ ಕತ್ತರಿಸಿ ತೂಗಿದ್ದಾನೆ. ಟೂತ್ ಬ್ರಷ್‌ನ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿ ನಾಲ್ಕು ಗ್ರಾಂ ಉಳಿಸಿದ್ದಾನೆ. ಮಾರನೇ ದಿನ ನಮ್ಮೆಜಮಾನರು ಮೋಟು ಬ್ರಷ್ ಹಿಡಿದು ಹೊರಗೆ ಬಂದಾಗ ಗೊತ್ತಾಯಿತು, ಅದು ಅಣ್ಣನ ಬ್ರಷ್. ಒಂದು ವಿಷಯದಲ್ಲಿ ಮಾತ್ರ ನಾನು ಕಣ್ಣು ಬಿಟ್ಟಿದ್ದೇನೆ. ಹಿಮ ಕುಸಿದರೆ ಹೂತವರನ್ನು ಹುಡುಕೋಕೆ ಸಿಗ್ನಲ್ ಕೊಡುವ ಬೀಕನ್, ಚುಚ್ಚಿ ನೋಡೋಕೆ ಮಡಚುವ ಕೋಲು, ಅಗೆಯೋಕೆ ಸಲಿಕೆ, ಈ ಮೂರು ಬೆನ್ನಮೇಲೆ ಇರಲೇಬೇಕು. ಸಲಿಕೆಯಲ್ಲೂ ಪ್ಲಾಸ್ಟಿಕ್ಕಿನ ಹಗುರದ್ದು ಸಿಗುತ್ತೆ ಅಂತ ರಾಗ ಎಳೆದ. ಅದರಲ್ಲಿ ಗ್ರಾಂ ಉಳಿಸಿದರೆ ಈ ಮನೆ ಬಾಗಿಲಿಗೆ ಬರಬೇಡ ಅಂದೆ. ಲೋಹದ್ದೇ ಪಟ್ಟಿಗೆ ಸೇರಿತು.

ಇನ್ನು ಕೆನೆಯ ವಿಚಾರ. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

ಒಂದು ಭಾನುವಾರ ಬೆಳಿಗ್ಗೆ ಸುಮ್ನೆ ಹೇಳಿದೆ, ಹಗುರ ಬೇಕಾದರೆ ಎಲ್ಲಕ್ಕಿಂತ ಹಗುರದ್ದು ತಗೊಂಡುಬಿಡು ಮಾರಾಯ ಅಂತ. “ಹಿಮ ಎಲ್ಲ ಕಡೆ ಒಂದೇ ಥರ ಇರಲ್ಲ ಅತ್ತಿಗೆ. ಇರಿ, ತೋರಿಸ್ತೀನಿ,” ಎಂದು ಫ್ರಿಜ್ ತೆಗೆದ. ಈಚೆಗೆ ಬಂದದ್ದು ರಾತ್ರಿ ಕಾಯಿಸಿಟ್ಟ ಹಾಲಿನ ಪಾತ್ರೆ. ಮೇಲೆ ದಪ್ಪಗೆ ಕೆನೆ ಕಟ್ಟಿತ್ತು. ಆ ಕೆನೆಯನ್ನು ಎಲ್ಲೂ ಹರಿಯದ ಹಾಗೆ ಒಂದೇ ಸಲಕ್ಕೆ ಎತ್ತಿ ಬೆಣ್ಣೆಯ ಡಬ್ಬಿಗೆ ಜಾರಿಸೋದು ನನ್ನ ದಿನದ ಒಂದು ಸಣ್ಣ ಸುಖ. ಮನೆಯಲ್ಲಿ ಬೆಣ್ಣೆ ತೆಗೆಯುವವರಿಗೆ ಹೇಳಬೇಕಾಗಿಲ್ಲ.

“ಬಿಸಿಲಿಗೆ ಹಿಮದ ಮೇಲ್ಪದರ ಕರಗುತ್ತೆ. ರಾತ್ರಿ ಗಟ್ಟಿಯಾಗುತ್ತೆ. ಒಳಗೆ ಮೆತ್ತಗೇ ಇರುತ್ತೆ. ಬ್ರೇಕಬಲ್ ಕ್ರಸ್ಟ್ ಅಂದ್ರೆ ಇದೇ,” ಎಂದು ಐಸ್‌ಕ್ರೀಮಿನ ಪ್ಲಾಸ್ಟಿಕ್ ಚಮಚ ತಗೊಂಡ. ಕೆನೆಯ ಅಂಚಿಗೆ ಇಟ್ಟು ತಳ್ಳಿದ. ಕೆನೆ ಸುಕ್ಕುಗಟ್ಟಿತು, ಚಮಚ ಪಕ್ಕಕ್ಕೆ ತಿರುಗಿಕೊಂಡಿತು. “ನೋಡಿದ್ರಾ? ಹಗುರದ್ದು. ದಾರಿ ತಪ್ಪಿತು.”

ನೋಡಿದೆ. ಸಾಕು ಅಂದೆ.

ಸಾಕಾಗಲಿಲ್ಲ. ಸಾರಿನ ಸೌಟು ಬಂತು. ಅದು ಪಾತ್ರೆಯ ಈ ಕಡೆಯಿಂದ ಆ ಕಡೆಗೆ ಕೆನೆಯನ್ನು ಸೀಳಿಕೊಂಡು ಹೋಯಿತು. “ಭಾರದ್ದು! ಸೀದಾ ಹೋಯ್ತು!” ಅವನ ಮುಖ ನೋಡಬೇಕಿತ್ತು. ಆಮೇಲೆ ದೋಸೆ ಮಗುಚುವ ಕೈ ಬಂತು. ಅದನ್ನು ಚಪ್ಪಟೆಯಾಗಿ ಕೆನೆಯ ಮೇಲೆ ಇಟ್ಟ. “ಇದು ಅಗಲದ್ದು. ನಡು 100 ಮಿಲಿಮೀಟರ್ ದಾಟಿದ್ದು. ಹೊಸ ಪುಡಿಹಿಮದಲ್ಲಿ ತೇಲುತ್ತೆ. ಆದ್ರೆ ಗಟ್ಟಿ ಇಳಿಜಾರನ್ನು ಅಡ್ಡ ದಾಟುವಾಗ ಅಂಚು ಕಚ್ಚೋಕೆ ಒದ್ದಾಡುತ್ತೆ.” ತೇಲಿತು ನಿಜ, ಎರಡು ಸೆಕೆಂಡ್. ನಂತರ ಉಳಿದ ಕೆನೆಯನ್ನೂ ಕರೆದುಕೊಂಡು ಮುಳುಗಿತು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಸ್ಕೀಗಳಲ್ಲಿ ಮೂತಿ ಮೇಲಕ್ಕೆ ಎತ್ತಿರೋದು ಒಂದು ಇದೆ, ರಾಕರ್ ಅಂತಾರೆ, ಮೂತಿ ಹಿಮದೊಳಗೆ ಹೂತುಹೋಗದಂತೆ ಕಾಪಾಡುತ್ತೆ. ಅದನ್ನು ತೋರಿಸೋಕೆ ಬಾಗಿದ ಚಮಚ ಬೇಕಾಯಿತು. ಅಡುಗೆಮನೆಯಲ್ಲಿ ಇರಲಿಲ್ಲ. ದೇವರಮನೆಗೆ ಹೋಗಿ ಉದ್ಧರಣೆ ಎತ್ತಿಕೊಂಡು ಬಂದ.

ಅತ್ತೆ ಸ್ನಾನ ಮುಗಿಸಿ ಬಂದು ನೋಡಿದಾಗ ಅವರ ತಾಮ್ರದ ಉದ್ಧರಣೆ ಹಾಲಿನ ಪಾತ್ರೆಯಲ್ಲಿ ಸ್ಕೀಯಿಂಗ್ ಮಾಡುತ್ತಿತ್ತು. ಅವರು ಏನೂ ಮಾತಾಡಲಿಲ್ಲ. ಕೈ ಚಾಚಿದರು ಅಷ್ಟೇ. ಮೈದುನ ಅದನ್ನು ಒರೆಸಿ ಕೊಟ್ಟ, ಬನಿಯನ್ನಿಗೆ. ಆಗ ಅವರು ಮಾತಾಡಿದರು. ಅದೇ ಹೊತ್ತಿಗೆ ಕಾಫಿಗೆ ಬಂದ ನಮ್ಮೆಜಮಾನರು ಪಾತ್ರೆ ಇಣುಕಿ, “ಹಾಲು ಒಡೆದಿದೆಯಾ?” ಅಂತ ಕೇಳಿ ಪೇಪರ್ ಹಿಡಿದು ಕೂತರು. ಅವತ್ತು ಎಲ್ಲರ ಕಾಫಿಯಲ್ಲೂ ಕೆನೆಯ ಚೂರು ತೇಲುತ್ತಿತ್ತು. ಬೆಣ್ಣೆಯ ಡಬ್ಬಿಗೆ ಏನೂ ಬೀಳಲಿಲ್ಲ.

ಇಷ್ಟೆಲ್ಲ ನಷ್ಟವಾದ ಮೇಲೆ ನನಗೂ ಒಂದು ಅಭಿಪ್ರಾಯ ಇರಬಾರದಾ? ಮರಗಳ ನೆರಳಲ್ಲಿ ಪುಡಿಹಿಮ, ಬೆಟ್ಟದ ನೆತ್ತಿಯಲ್ಲಿ ಗಾಳಿ ಬಡಿದು ಗಟ್ಟಿಯಾದದ್ದು, ಬಿಸಿಲು ಬಿದ್ದ ಕಡೆ ಆ ಹಾಳು ಪದರ, ಮಧ್ಯಾಹ್ನ ಕೆಳಗಿಳಿದರೆ ನೀರುನೀರು. ಒಂದೇ ಇಳಿತದಲ್ಲಿ ಇಷ್ಟೂ ಸಿಗುತ್ತವೆ. ಇಷ್ಟಕ್ಕೂ ಹೊಂದುವ ಸ್ಕೀ ಯಾರೂ ಮಾಡಿಲ್ಲ. ಹಾಗಿದ್ದಮೇಲೆ ನಡುವಿನದ್ದು ತಗೋಬೇಕು. ನಡುವಿನ ಅಗಲ 90ರಿಂದ 95 ಮಿಲಿಮೀಟರ್, ತೂಕ 1,400 ಗ್ರಾಂ ಆಸುಪಾಸು, ಮೂತಿ ಸ್ವಲ್ಪ ಎತ್ತಿರಲಿ. ಇವನೋ ದಿನಾ ರಾತ್ರಿ ವಿಡಿಯೋ ನೋಡಿ 102ಕ್ಕೆ ಆಸೆಪಡುತ್ತಾನೆ. ವಿಡಿಯೋ ಮಾಡೋರು ಪುಡಿಹಿಮ ಬಿದ್ದ ದಿನ ಮಾತ್ರ ಕ್ಯಾಮೆರಾ ತೆಗೀತಾರೆ ಕಣೋ ಅಂದೆ. ಕೇಳಿಸಿಕೊಂಡ. ಸಂಜೆ ಯಾರೋ ಗೆಳೆಯ ಫೋನಿನಲ್ಲಿ ಇದೇ ಮಾತು ಹೇಳಿದನಂತೆ. “ಎಂಥಾ ಪಾಯಿಂಟ್ ಹೇಳಿದ ಗೊತ್ತಾ ಅತ್ತಿಗೆ!” ಅಂತ ಓಡಿಬಂದು ನನಗೇ ಹೇಳಿದ.

ನಮ್ಮಂಥ ಊರಿನವರಿಗೆ ಇದೆಲ್ಲ ಯಾಕೆ ಬೇಕು ಅಂತ ಅತ್ತೆ ಕೇಳಿದಾಗ ಅವನ ಹತ್ತಿರ ಉತ್ತರ ಸಿದ್ಧವಿತ್ತು. ಕೊಡಗಿನ ತೆಕ್ಕಡ ಭವಾನಿ ಅದೇ ಗುಲ್ಮಾರ್ಗ್‌ನಲ್ಲಿ, ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ, ಸ್ಕೀಯಿಂಗ್‌ನಲ್ಲೇ ಕರ್ನಾಟಕಕ್ಕೆ ಚಿನ್ನ ಗೆದ್ದಿದ್ದಾರೆ.

“ಅವಳು ಓಡ್ತಾಳೆ. ನೀನು ತೂಗ್ತೀಯ,” ಅಂದರು ಅತ್ತೆ.

ಹಾಗಂತ ಅತ್ತೆಗೆ ಮಗನ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಅವರೇ ಒಂದು ಸಲ ಹೇಳಿದ್ದರು. ಇವನು ಚಿಕ್ಕವನಿದ್ದಾಗ ಏಪ್ರಿಲ್ ಮಳೆಯಲ್ಲಿ ಆಲಿಕಲ್ಲು ಬಿದ್ದರೆ ಲೋಟ ಹಿಡಿದು ಅಂಗಳಕ್ಕೆ ಓಡುತ್ತಿದ್ದನಂತೆ. ಕರಗುವ ಮೊದಲು ಅಪ್ಪನಿಗೆ ತೋರಿಸಬೇಕು ಅಂತ ಆಫೀಸಿನಿಂದ ಬರುವ ದಾರಿ ಕಾಯುತ್ತಿದ್ದನಂತೆ. ಮಾವ ಬರುವಷ್ಟರಲ್ಲಿ ಲೋಟದಲ್ಲಿ ನೀರು. ಅವರು ಅದನ್ನೇ ಹಿಡಿದು ನೋಡಿ “ಓಹೋ, ದೊಡ್ಡದು ಕಣೋ” ಅನ್ನುತ್ತಿದ್ದರಂತೆ. ಆಗಿನ ಬೆಂಗಳೂರಲ್ಲಿ ಡಿಸೆಂಬರ್ ಅಂದರೆ ಸ್ವೆಟರ್ ಇಲ್ಲದೆ ಸ್ಕೂಲಿಗೆ ಹೋಗೋ ಹಾಗಿರಲಿಲ್ಲ. ಈಗ ಜನವರಿಯಲ್ಲೂ ಮಧ್ಯಾಹ್ನ ಫ್ಯಾನ್ ಬೇಕು. ಅಲ್ಲೂ ಹಾಗೇ ಆಗುತ್ತಿದೆ. 2024ರ ಜನವರಿಯ ಬಹುಪಾಲು ಗುಲ್ಮಾರ್ಗ್‌ನಲ್ಲಿ ಹಿಮವೇ ಇರಲಿಲ್ಲ, ಬರೀ ಒಣಗಿದ ಕಂದು ಹುಲ್ಲು. ಆ ಫೋಟೋ ಬಂದ ವಾರ ಇವನು ಏನನ್ನೂ ತೂಗಲಿಲ್ಲ. ಮೆಷಿನ್ ಅದರ ಜಾಗದಲ್ಲೇ ಇತ್ತು. ನನಗೂ ಯಾಕೋ ಸಮಾಧಾನ ಅನ್ನಿಸಲಿಲ್ಲ.

ಮೊನ್ನೆ ಅಂತೂ ಪಟ್ಟಿ ಒಂದೇ ಹೆಸರಿಗೆ ಇಳಿಯಿತು. 94 ಮಿಲಿಮೀಟರ್, 1,380 ಗ್ರಾಂ. ಬಾಕಿ ಇದ್ದದ್ದು ಉದ್ದ. 170 ಸೆಂಟಿಮೀಟರ್ ಸಾಕಾ, 178 ಬೇಕಾ? ಗಿಡ್ಡದಾದರೆ ಕಡಿದಾದ ಕಡೆ ಕಾಲೆತ್ತಿ ತಿರುಗೋಕೆ ಸುಲಭ. ಉದ್ದವಾದರೆ ವೇಗದಲ್ಲಿ ಅದುರಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತು ಗಲ್ಲಕ್ಕೊಂದು, ನೆತ್ತಿಗೊಂದು ಪೆನ್ಸಿಲ್ ಗೀಟು ಎಳೆದುಕೊಂಡ. ಹೋದ ವರ್ಷ ಬಣ್ಣ ಹೊಡೆಸಿದ ಗೋಡೆ.

“ಇಷ್ಟುದ್ದದ್ದನ್ನು ಇಡೋದೆಲ್ಲಿ?” ಅಂದರು ಅತ್ತೆ.

ಅಷ್ಟು ತಿಂಗಳು, ಅಷ್ಟು ಸ್ಪ್ರೆಡ್‌ಶೀಟ್, ಇದಕ್ಕೊಂದು ಕಾಲಂ ಇರಲಿಲ್ಲ. ಟೇಪ್ ಹಿಡಿದು ಮನೆಯೆಲ್ಲ ಓಡಾಡಿದ. ಮಂಚದ ಕೆಳಗೆ ಸೂಟ್‌ಕೇಸುಗಳು. ಬೀರುವಿನ ಹಿಂದೆ ಜಾಗ ಇಲ್ಲ. ಬಾಲ್ಕನಿಯಲ್ಲಿ ಮಳೆ ಎರಚುತ್ತೆ. ಉಳಿದದ್ದು ಅಡುಗೆಮನೆಯ ಸಜ್ಜಾ. ಅಳೆದರೆ 175 ಸೆಂಟಿಮೀಟರ್. 178 ಹಿಡಿಸಲ್ಲ, 170 ಹಿಡಿಸುತ್ತೆ. “ನಂಗೂ 170 ಅಂತಲೇ ಅನ್ನಿಸ್ತಿತ್ತು,” ಅಂದ.

ಆದರೆ ಸಜ್ಜಾದ ಉದ್ದಕ್ಕೂ ದಸರಾ ಗೊಂಬೆಗಳ ಮರದ ಪೆಟ್ಟಿಗೆ ಕೂತಿದೆ. ಅತ್ತೆಯ ತವರಿನದ್ದು. ಅದನ್ನು ನವರಾತ್ರಿಗೆ ಇಳಿಸೋದು ಬಿಟ್ಟರೆ ಯಾರೂ ಮುಟ್ಟಲ್ಲ.

“ಅಮ್ಮ, ಆ ಪೆಟ್ಟಿಗೆ ಎಷ್ಟು ಭಾರ ಇರಬಹುದು?”

“ಇಳಿಸಿ ತೂಗು,” ಅಂದರು.

ಅವನು ಸ್ಟೂಲ್ ಹತ್ತಿ, ಪೆಟ್ಟಿಗೆಯ ಒಂದು ಮೂಲೆಯನ್ನು ಕೈಯಲ್ಲಿ ಎತ್ತಿ ನೋಡಿ, ಮೀಟಿಂಗ್ ಇದೆ ಅಂತ ರೂಮಿಗೆ ಹೋದ.