ಟೊಕಾಯ್ ಆಸೂ: 1630ರ ಪಾದ್ರಿ ಕತೆ ಸರಿಯಲ್ಲ

ಹಂಗೇರಿಯ ಸಿಹಿ ವೈನ್ ಟೊಕಾಯ್ ಆಸೂ ಬಗ್ಗೆ ಒಂದು ಕತೆ ಓಡಾಡುತ್ತಿದೆ. ತುರ್ಕರ ದಾಳಿಯ ಭಯಕ್ಕೆ ಕೊಯ್ಲು ತಡವಾಯಿತಂತೆ, ದ್ರಾಕ್ಷಿಗೆ ಬೂಷ್ಟು ಹಿಡಿಯಿತಂತೆ, 1630ರಲ್ಲಿ ಲಾಟ್ಸ್ಕೋ ಮಾಟೇ ಎಂಬ ಪಾದ್ರಿ ಅದರಿಂದಲೇ ಮೊದಲ ಆಸೂ ಮಾಡಿದರಂತೆ. ಕತೆಯೇನೋ ಚೆನ್ನಾಗಿದೆ, ಇಸವಿ ಮಾತ್ರ ಹೊಂದುವುದಿಲ್ಲ. 1576ರಲ್ಲೇ ತೀರಿಕೊಂಡ ಸಿಕ್ಸಾಯಿ ಫಾಬ್ರಿಸಿಯಸ್ ಬಾಲಾಜ್ ಅವರ ಪದಕೋಶದಲ್ಲಿ ಆಸೂ ವೈನ್ ಆಗಲೇ ಇದೆಯಲ್ಲ!

ಸಕ್ಕರೆ ಸುರಿಯುತ್ತಾರೆ ಅನ್ನುವುದೂ ಸುಮ್ನೆ ಮಾತು. ಬೊಡ್ರೋಗ್, ಟಿಸಾ ನದಿಗಳ ಮಂಜಿಗೆ ಫುರ್ಮಿಂಟ್ ದ್ರಾಕ್ಷಿಯ ಮೇಲೆ ಬೊಟ್ರೈಟಿಸ್ ಬೂಷ್ಟು ಬೆಳೆಯುತ್ತದೆ. ಸಿಪ್ಪೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಬೀಳುತ್ತವೆ. ನೀರು ಆರಿ ಹಣ್ಣು ಸುಕ್ಕುತ್ತದೆ, ಸಿಹಿ ಒಳಗೇ ಉಳಿಯುತ್ತದೆ. ಅಂಥವನ್ನು ಒಂದೊಂದಾಗಿ ಬಿಡಿಸಿ, ರಸದಲ್ಲೋ ವೈನಿನಲ್ಲೋ ನೆನೆಸಿ ಹಿಂಡುತ್ತಾರೆ. ಈಗಿನ ನಿಯಮದಂತೆ ಲೀಟರಿಗೆ ಕನಿಷ್ಠ 120 ಗ್ರಾಂ ಸಕ್ಕರೆ ಇರಬೇಕು, ಅದೂ ದ್ರಾಕ್ಷಿಯದ್ದೇ.